ಎಂಟೂವರೆಯ ಲೆಕ್ಕ

“ಬರ್ಕೊಳ್ಳಿ ಟೈಲರಣ್ಣ, ನಮ್ಮ ತಂಡಕ್ಕೆ ಎಪ್ಪತ್ತೈದು ನಿಮಿಷ ಬೇಕು. ಒಬ್ಬನಿಗೆ ಮಂಡಿ ನೋವು, ಒಬ್ಬನಿಗೆ ಕೆಮ್ಮು, ಇನ್ನೊಬ್ಬನಿಗೆ ಮದುವೆಯಾಗಿ ಮೂರೇ ತಿಂಗಳು,” ಎಂದ ಬೇಕರಿಯವನು.

“ನಾಲ್ಕನೆಯವನು?”

“ನಾಲ್ಕನೆಯವನು ನಾನೇ. ನನ್ನ ಅವಸ್ಥೆ ನೀವೇ ನೋಡ್ತಾ ಇದ್ದೀರಲ್ಲ.”

ಟೈಲರು ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ‘ಅರವತ್ತು’ ಎಂದು ಬರೆದರು.

“ಅಲ್ಲಾ, ನಾನು ಎಪ್ಪತ್ತೈದು ಅಂದೆ.”

“ಸೊಂಟ ಮೂವತ್ತಾರು ಅಂತಲೂ ಹೇಳ್ತೀಯ. ನಾನು ನಲವತ್ತಕ್ಕೆ ಹೊಲಿದುಕೊಡ್ತೀನಿ. ಯಾವತ್ತಾದರೂ ಬಿಗಿ ಆಗಿದೆಯಾ?”

ಬೇಕರಿಯವನು ಪ್ಯಾಂಟು ಮೇಲಕ್ಕೆಳೆದುಕೊಂಡು ಓಟಗಾರರ ವ್ಯಾನಿನ ಕಡೆ ನಡೆದ.

ಭಾನುವಾರ ಬೆಳಿಗ್ಗೆ ಆರೂವರೆ. ಊರಿನ ನಾಲ್ಕು ಓಟದ ಕ್ಲಬ್ಬುಗಳ ಸ್ನೇಹದ ರಿಲೇ ಅಂದು. ಮೈದಾನದಿಂದ ಕಾಲುವೆ ದಂಡೆ ಹಿಡಿದು ಗ್ರಂಥಾಲಯದ ಮೆಟ್ಟಿಲವರೆಗೆ ಹತ್ತು ಕಿಲೋಮೀಟರು. ತಂಡಕ್ಕೆ ನಾಲ್ಕು ಜನ. ಸೇತುವೆ, ನೀರಿನ ಟ್ಯಾಂಕು, ಶಾಲೆಯ ಗೇಟು, ಈ ಮೂರು ಕಡೆ ಕೋಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು. ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಗಿರಣಿಯ ಹುಡುಗರು ಗೆದ್ದು, ಸ್ನಾನ ಮಾಡಿ, ತಿಂಡಿ ಮುಗಿಸಿದ ಮೇಲೂ ಉಳಿದವರು ಓಡುತ್ತಲೇ ಇರುತ್ತಾರೆ. ಅದಕ್ಕೇ ನಿಧಾನದವರನ್ನು ಮೊದಲು ಕಳಿಸುವುದು, ಚುರುಕಿನವರನ್ನು ಕೊನೆಗೆ. ಯಾರಿಗೆ ಎಷ್ಟು ನಿಮಿಷ ಎಂಬ ಲೆಕ್ಕ ಸರಿಯಾಗಿದ್ದರೆ ಎಲ್ಲರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ಗೆರೆ ಮುಟ್ಟಬೇಕು.

ಕಳೆದ ವರ್ಷ ಈ ಲೆಕ್ಕವನ್ನು ಬ್ಯಾಂಕಿನವನು ಕಂಪ್ಯೂಟರಿನಲ್ಲಿ ಮಾಡಿದ್ದ. ಮೊದಲ ತಂಡಕ್ಕೂ ಕೊನೆಯ ತಂಡಕ್ಕೂ ಇಪ್ಪತ್ತು ನಿಮಿಷದ ಅಂತರ ಬಿದ್ದಿತ್ತು. ಟೈಲರು ಎಲ್ಲರ ಮುಂದೆ ನಕ್ಕಿದ್ದರು. “ಅಳತೆ ಅನ್ನೋದು ಯಂತ್ರಕ್ಕೆ ತಿಳಿಯೋದಲ್ಲ ಕಣಯ್ಯ, ಕಣ್ಣಿಗೆ ತಿಳಿಯೋದು. ಮುಂದಿನ ಸಲ ನಾನು ಮಾಡ್ತೀನಿ. ಐದು ನಿಮಿಷದ ಅಂತರದೊಳಗೆ ಎಲ್ಲರೂ ಬರದಿದ್ದರೆ ಈ ನಿಮಿಷದ ಪಟ್ಟಿ ನಿನ್ನ ಕೈಗೆ ಕೊಟ್ಟು, ಸಾಯೋವರೆಗೆ ಅಳತೆಯ ಮಾತು ಎತ್ತೋದಿಲ್ಲ.”

ಆ ಮಾತು ಅಂದಿನಿಂದ ಅವರ ಕೊರಳಿಗೆ ಟೇಪಿನಂತೆ ಸುತ್ತಿಕೊಂಡಿತ್ತು.

ಅಂಚೆಯವನು ಅರವತ್ತೈದು ಕೇಳಿದ, ಐವತ್ತು ಸಿಕ್ಕಿತು. ಗಿರಣಿಯ ಫೋರ್‌ಮನ್ ಐವತ್ತೈದು ಕೇಳಿದ, ನಲವತ್ತೆರಡು ಸಿಕ್ಕಿತು. ಉಳಿದದ್ದು ಎರಡು ತಿಂಗಳ ಹಿಂದಷ್ಟೇ ಹುಟ್ಟಿದ್ದ ಹೆಂಗಸರ ಕ್ಲಬ್ಬು: ಟೈಲರ ಹೆಂಡತಿ, ನಾದಿನಿ, ಮೇಲಿನ ಮಹಡಿಯ ನರ್ಸಮ್ಮ, ಒಬ್ಬ ಟೀಚರು. ಅವರನ್ನು ಟೈಲರು ಏನೂ ಕೇಳಲಿಲ್ಲ. ‘ತೊಂಬತ್ತು’ ಎಂದು ಬರೆದು ಕೆಳಗೆ ಗೆರೆ ಎಳೆದರು.

“ಅತ್ತಿಗೆಯವರನ್ನ ಒಂದು ಮಾತು ಕೇಳಬಹುದಿತ್ತಲ್ಲ?” ಎಂದ ಬ್ಯಾಂಕಿನವನು.

“ಮೂವತ್ತು ವರ್ಷದಿಂದ ದಿನಾ ಸಂಜೆ ಪಕ್ಕದಲ್ಲೇ ನಡೀತಾ ಇದ್ದೀನಿ. ಅವಳ ನಡಿಗೆ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಉಳಿದ ಮೂವರು ಅವಳಿಗಿಂತ ನಿಧಾನ. ಏಳು ಗಂಟೆಗೆ ಹೊರಟರೆ ಎಂಟೂವರೆಗೆ ಮುಟ್ಟುತ್ತಾರೆ.”

ಏಳಕ್ಕೆ ಸರಿಯಾಗಿ ನಾದಿನಿ ಕೋಲು ಹಿಡಿದು ಹೊರಟಳು. ಉಳಿದ ಮೂವರು ತಮ್ಮ ತಮ್ಮ ಜಾಗಕ್ಕೆ ಮೊದಲೇ ಹೋಗಿದ್ದರು. ಗಂಡಸರನ್ನು ಅವರವರ ಜಾಗಕ್ಕೆ ಇಳಿಸಬೇಕಿದ್ದ ವ್ಯಾನು ಮಾತ್ರ ಎರಡನೆಯ ಟೀ ಮುಗಿಯುವವರೆಗೆ ಅಲುಗಾಡದೆ ಏಳೂವರೆಗೆ ಹೊರಟಿತು. ಅದೇ ಹೊತ್ತಿಗೆ ಬೇಕರಿಯ ಮೊದಲನೆಯವನು ಓಡಿದ. ಏಳು ನಲವತ್ತಕ್ಕೆ ಅಂಚೆ, ನಲವತ್ತೆಂಟಕ್ಕೆ ಗಿರಣಿ. ಕೊನೆಯವನ ಬೆನ್ನು ಮರೆಯಾದದ್ದೇ ತಡ, ಟೈಲರು ರಿಬ್ಬನ್ನಿನ ಸುರುಳಿ, ಸುಣ್ಣದ ಡಬ್ಬಿ, ಗೆದ್ದವರಿಗೆ ಕೊಡುವ ಕಪ್ಪು, ಈ ಮೂರನ್ನೂ ಚೀಲಕ್ಕೆ ತುಂಬಿಕೊಂಡು ಸೈಕಲ್ ಹತ್ತಿ ಪೇಟೆ ರಸ್ತೆಯಲ್ಲಿ ಗ್ರಂಥಾಲಯದ ಕಡೆ ತುಳಿದರು.

ಎರಡು ಸಲ ಚೈನು ಕಳಚಿತು. ಮೂರನೆಯ ಸಲ ಪ್ಯಾಂಟೇ ಚೈನಿಗೆ ಸಿಕ್ಕಿತು. ಊರಿಗೆಲ್ಲ ಪ್ಯಾಂಟು ಹೊಲಿಯುವ ಮನುಷ್ಯ ತನ್ನ ಪ್ಯಾಂಟಿನ ಅಂಚನ್ನು ನಡುರಸ್ತೆಯಲ್ಲಿ ಹಲ್ಲಿನಿಂದ ಕಚ್ಚಿ ಹರಿದುಕೊಂಡು, ಕೈಯೆಲ್ಲ ಗ್ರೀಸು ಮಾಡಿಕೊಂಡು, ಎಂಟೂಕಾಲಿಗೆ ಗ್ರಂಥಾಲಯ ತಲುಪಿದರು. ಆದರೇನು, ಇನ್ನೂ ಹದಿನೈದು ನಿಮಿಷ ಕೈಯಲ್ಲಿತ್ತು. ಗೆರೆ ಎಳೆದರು, ರಿಬ್ಬನ್ನು ಕಟ್ಟಿದರು. ಜನ ಸೇರಿದರು. ಬ್ಯಾಂಕಿನವನು ತನ್ನದೇ ಗಡಿಯಾರ ಹಿಡಿದು ಮೆಟ್ಟಿಲ ಮೇಲೆ ಕೂತ.

ಎಂಟು ಮೂವತ್ತಕ್ಕೆ ತಿರುವಿನಲ್ಲಿ ಧೂಳೆದ್ದಿತು. ಬೇಕರಿ, ಅಂಚೆ, ಗಿರಣಿ ಮೂರೂ ಒಂದೇ ಬಾಗಿಲಲ್ಲಿ ನುಗ್ಗುವ ಎಮ್ಮೆಗಳ ಹಾಗೆ ಬರುತ್ತಿದ್ದವು. ಬೇಕರಿಯವನ ಹೊಟ್ಟೆ ಅವನಿಗಿಂತ ಒಂದು ಗೇಣು ಮುಂಚೆ ಗೆರೆ ದಾಟಿತು. ಮೊದಲನೆಯವನಿಗೂ ಮೂರನೆಯವನಿಗೂ ಒಂಬತ್ತು ಸೆಕೆಂಡು.

ಟೈಲರು ಗಡಿಯಾರವನ್ನು ಎರಡೆರಡು ಸಲ ನೋಡಿದರು. ಜೀವಮಾನದಲ್ಲಿ ಎಷ್ಟೋ ಕೋಟು ಹೊಲಿದಿದ್ದರು; ಇಷ್ಟು ಸರಿಯಾಗಿ ಯಾವುದೂ ಕೂತಿರಲಿಲ್ಲ.

“ನಾಲ್ಕು ತಂಡ ಅಲ್ವಾ? ಎಣಿಸಿದರೆ ಮೂರೇ ಆಗ್ತಿದೆ,” ಎಂದ ಬ್ಯಾಂಕಿನವನು.

“ಬರ್ತಾರೆ, ಇನ್ನೂ ಐದು ನಿಮಿಷ ಇದೆ.”

ಐದು ನಿಮಿಷ ಆಯಿತು, ಹತ್ತಾಯಿತು. ಟೈಲರು ಹೆಂಡತಿಗೆ ಫೋನು ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ.

“ನಾನು ಶಾಲೆ ಗೇಟಿನ ಹತ್ತಿರ ಅರ್ಧ ಗಂಟೆ ನಿಂತಿದ್ದೆ, ಒಂದು ಜಡೆಯೂ ಕಾಣಲಿಲ್ಲ,” ಎಂದ ಅಂಚೆಯವನು.

“ಎಲ್ಲೋ ಮಾತಿಗೆ ಕೂತಿರ್ತಾರೆ ಬಿಡಿ,” ಎಂದ ಬೇಕರಿಯವನು, ಕಣ್ಣು ಕಪ್ಪಿನ ಮೇಲಿಟ್ಟು. “ಓಟ ಬಿಟ್ಟವರು ಲೆಕ್ಕಕ್ಕಿಲ್ಲ. ಅಲ್ವೇನ್ರಪ್ಪ?”

ಎಲ್ಲರೂ ಹೌದೆಂದರು. ಬ್ಯಾಂಕಿನವನೂ ಮನಸ್ಸಿಲ್ಲದ ಮನಸ್ಸಿನಿಂದ ಕೈ ಚಾಚಿದ. “ಒಪ್ಪಿದೆ ಟೈಲರೇ. ಬಂದವರ ಮಟ್ಟಿಗೆ ನಿಮ್ಮ ಅಳತೇಲಿ ನೂಲಿನಷ್ಟೂ ತಪ್ಪಿಲ್ಲ. ಪಟ್ಟಿ ಇನ್ಮೇಲೆ ಯಾವಾಗಲೂ ನಿಮ್ಮ ಹತ್ತಿರವೇ ಇರಲಿ.”

ಕಪ್ಪು ಬೇಕರಿಯವನಿಗೆ ಹೋಯಿತು. ಗಿರಣಿಯ ಹುಡುಗರು ಟೈಲರನ್ನು ಹೆಗಲ ಮೇಲೆ ಹೊತ್ತುಕೊಂಡರು. ಗ್ರೀಸಿನ ಕೈ, ಹರಿದ ಪ್ಯಾಂಟು, ಆದರೂ ಅಲ್ಲಿ ಮೇಲೆ ಅವರು ಪಟ್ಟವೇರಿದ ದೊರೆಯಂತೆ ಕಂಡರು. ಕೆಳಗಿಳಿದ ಕೂಡಲೇ ದೊರೆ ಸೈಕಲ್ ಹತ್ತಿ ಹೆಂಡತಿಯನ್ನು ಹುಡುಕಲು ಹೊರಟರು.

ಕಾಲುವೆ ದಂಡೆಯಲ್ಲಿ ಹತ್ತು ಕಿಲೋಮೀಟರೂ ಹಿಂದಕ್ಕೆ ತುಳಿದರು. ಶಾಲೆಯ ಗೇಟು ಖಾಲಿ, ಟ್ಯಾಂಕಿನ ಹತ್ತಿರ ಯಾರಿಲ್ಲ, ಸೇತುವೆಯ ಕೆಳಗೆ ಕೂಡ ಬಗ್ಗಿ ನೋಡಿದ್ದಾಯಿತು. ಕೊನೆಗೆ ಮನೆಗೆ ಬಂದು ಮೆಟ್ಟಿಲೇರಿದರೆ, ಬಾಗಿಲ ಹೊರಗೆ ನಾಲ್ಕು ಜೊತೆ ಬೂಟು.

ಒಳಗೆ ನಾಲ್ವರೂ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು, ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ.

“ಫೋನ್ ಯಾಕೆ ಎತ್ತಲಿಲ್ಲ? ನನ್ನ ಜೀವ ಹೋಗಿಬರೋ ಹಾಗಾಯ್ತಲ್ಲೇ.”

“ಹ್ಯಾಗೆ ಎತ್ತಲಿ? ನಿಮಗೆ ಏನಂತ ಮುಖ ತೋರಿಸಲಿ?” ಎಂದಳು ಹೆಂಡತಿ.

“ಭಾವ, ಅಕ್ಕನನ್ನ ಬಯ್ಯಬೇಡಿ,” ಎಂದಳು ನಾದಿನಿ. “ನಾವು ನಾಲ್ಕೂ ಜನ ಸೇರಿ ಮಾಡಿದ ತಪ್ಪು. ಅಡ್ಡದಾರಿ ಹಿಡಿದುಬಿಟ್ಟಿದ್ದೀವಿ.”

“ಯಾವ ಅಡ್ಡದಾರಿ?”

“ಅದೇ ಗೊತ್ತಾಗ್ತಿಲ್ಲ. ನಾನು ಗ್ರಂಥಾಲಯಕ್ಕೆ ಬಂದಾಗ ಏಳು ಐವತ್ತೈದು,” ಎಂದಳು ಹೆಂಡತಿ. “ಇವರೂ ಓಡಿ ಮುಗಿಸಿದ ಹಾಗೆ ದಾರೀಲಿ ಒಬ್ಬೊಬ್ಬರಾಗಿ ಒಂದೇ ಆಟೋ ಹತ್ತಿಕೊಂಡು ಬಂದರು. ನೋಡಿದರೆ ಗೆರೆ ಇಲ್ಲ, ಜನ ಇಲ್ಲ. ಮೆಟ್ಟಿಲ ಮೇಲೆ ಒಂದು ಬೆಕ್ಕು ಕೂತಿತ್ತು ಅಷ್ಟೆ. ನೀವು ಎಂಟೂವರೆ ಅಂದಿದ್ದಿರಿ. ನಿಮ್ಮ ಲೆಕ್ಕ ತಪ್ಪೋದಿಲ್ಲ. ಹಾಗಾದರೆ ತಪ್ಪಿರೋದು ನಾವೇ ತಾನೇ? ನಡೆಸೋರ ಹೆಂಡತಿಯೇ ಮೋಸ ಮಾಡಿದಳು ಅಂತ ಜನ ಆಡಿಕೊಂಡರೆ ನಿಮ್ಮ ಮರ್ಯಾದೆ ಏನಾಗಬೇಕು? ಅದಕ್ಕೇ ಯಾರೂ ನೋಡೋ ಮುಂಚೆ ಸದ್ದಿಲ್ಲದೆ ಬಂದುಬಿಟ್ವಿ.”

ಟೈಲರು ನಿಧಾನವಾಗಿ ಸ್ಟೂಲಿನ ಮೇಲೆ ಕೂತರು.

“ಸೇತುವೇಲಿ ಕೋಲು ಬದಲಾಯ್ತಾ?”

“ಆಯ್ತು,” ಎಂದರು ನರ್ಸಮ್ಮ. “ನನ್ನ ಕೈಗೇ ಬಂತು.”

“ಟ್ಯಾಂಕಿನ ಹತ್ತಿರ?”

“ನಾನಿದ್ದೆ,” ಎಂದರು ಟೀಚರು.

“ಶಾಲೆ ಗೇಟಲ್ಲಿ?”

“ನಾನು,” ಎಂದಳು ಹೆಂಡತಿ.

ಮೂರೂ ಕಡೆ ಕೋಲು ಬದಲಾಗಿದೆ ಎಂದರೆ ಅಡ್ಡದಾರಿಯ ಮಾತೇ ಇಲ್ಲ. ದಾರಿಯುದ್ದಕ್ಕೂ ಒಂದು ಕಡೆ ಕಾಲುವೆ, ಒಂದು ಕಡೆ ಗೋಡೆ. ಹತ್ತಕ್ಕೆ ಹತ್ತೂ ಕಿಲೋಮೀಟರು ಓಡಿದ್ದಾರೆ, ಐವತ್ತೈದು ನಿಮಿಷದಲ್ಲಿ.

“ನೀನು ಇಷ್ಟು ಜೋರಾಗಿ ಓಡ್ತೀಯಾ?”

“ಓಡ್ತೀನಪ್ಪ. ದಿನಾ ಬೆಳಿಗ್ಗೆ ನೀವು ಗೊರಕೆ ಹೊಡೀತಿರೋವಾಗ ಹೋಗಿ ಬರ್ತೀನಿ.”

“ಮತ್ತೆ ಸಂಜೆ ಅಷ್ಟು ನಿಧಾನವಾಗಿ ನಡೀತೀಯಲ್ಲ?”

“ನಿಮ್ಮ ಜೊತೆ ನಡೀಬೇಕಲ್ರೀ. ಬಿಟ್ಟು ಮುಂದೆ ಹೋಗೋಕಾಗುತ್ತಾ?”

ಮೂವತ್ತು ವರ್ಷ ಸಂಜೆ ಸಂಜೆಯೂ ಟೈಲರು ಅಳೆದದ್ದು ತಮ್ಮದೇ ಕಾಲನ್ನು.

ಟೈಲರು ಹೊಲಿಗೆ ಯಂತ್ರದ ಚಕ್ರವನ್ನು ಬೆರಳಿನಿಂದ ಸುಮ್ಮನೆ ತಿರುಗಿಸಿದರು. ಸುಮ್ಮನಿದ್ದರೆ ಸಾಕಿತ್ತು. ಊರು ಹೆಗಲ ಮೇಲೆ ಹೊತ್ತಿದೆ, ಬ್ಯಾಂಕಿನವನು ಕೈ ಕುಲುಕಿದ್ದಾನೆ, ಪಟ್ಟಿ ಸಾಯುವವರೆಗೆ ತಮ್ಮದೇ. ಇವರು ನಾಲ್ವರೂ ತಪ್ಪು ತಮ್ಮದೆಂದೇ ನಂಬಿ ಕೂತಿದ್ದಾರೆ.

“ಬೇಜಾರು ಮಾಡ್ಕೋಬೇಡಿ,” ಎಂದಳು ಹೆಂಡತಿ. “ನಿಮ್ಮ ಲೆಕ್ಕ ಸರಿ ಬಂತಾ? ಅದು ಹೇಳಿ ಮೊದಲು.”

ಟೈಲರು ಚಕ್ರದಿಂದ ಬೆರಳು ತೆಗೆದರು.

“ಮೂರು ಸರಿ ಬಂತು ಕಣೇ. ನಾಲ್ಕನೆಯದು ಮೂವತ್ತೈದು ನಿಮಿಷ ತಪ್ಪು.” ಧ್ವನಿ ಅವರಿಗೇ ಗೊತ್ತಿಲ್ಲದ ಹಾಗೆ ಎತ್ತರಕ್ಕೇರಿತು. “ನೀವು ಯಾವ ಅಡ್ಡದಾರೀಲೂ ಬಂದಿಲ್ಲ. ಗಿರಣಿಯವರು ಹೊರಟು ಏಳು ನಿಮಿಷ ಆಗೋದರೊಳಗೆ ನೀನು ಗ್ರಂಥಾಲಯದ ಮುಂದೆ ನಿಂತಿದ್ದೆ. ನನ್ನ ಹೆಂಡತಿ ಬರೋ ಹೊತ್ತಿಗೆ ಗೆರೆ ಎಳೆಯೋಕೂ ನನ್ನ ಕೈಲಿ ಆಗಲಿಲ್ಲ.”

“ಅಂದ್ರೆ ಗೆದ್ದಿರೋದು ನಾವಾ, ಭಾವ?”

“ನೀವೇ. ಪಟ್ಟಿ ಇನ್ನು ಬ್ಯಾಂಕಿನವನಿಗೆ. ಸಂಜೆ ನಾನೇ ಹೋಗಿ ಕೊಟ್ಟು ಬರ್ತೀನಿ.”

ಹೆಂಡತಿ ಎದ್ದು ನಿಂತಳು. “ಅದು ಸಂಜೆಗಾಯ್ತು. ಕಪ್ಪು ಎಲ್ಲಿ?”

“ಬೇಕರೀಲಿ. ಗಾಜಿನ ಪೆಟ್ಟಿಗೇಲಿ ಕೇಕಿನ ಪಕ್ಕ ಇಡ್ತೀನಿ ಅಂತಿದ್ದ. ಇರು, ನಾನೂ ಬರ್ತೀನಿ, ಒಟ್ಟಿಗೇ ಹೋಗೋಣ.”

“ನೀವು ನಿಧಾನವಾಗಿ ಬನ್ನಿ,” ಎಂದಳು ಹೆಂಡತಿ, ಬೂಟಿಗೆ ಕಾಲು ತೂರಿಸುತ್ತ.

ಟೈಲರು ಚಪ್ಪಲಿ ಮೆಟ್ಟಿ ಮೊದಲ ಮಹಡಿಯ ಕಿಟಕಿಯವರೆಗೆ ಇಳಿಯುವಷ್ಟರಲ್ಲಿ ನಾಲ್ವರೂ ಬೀದಿ ಕೊನೆಯ ಬೇಕರಿ ತಲುಪಿದ್ದರು, ಹೆಂಡತಿ ಎಲ್ಲರಿಗಿಂತ ನಾಲ್ಕು ಹೆಜ್ಜೆ ಮುಂದೆ. ಅವರನ್ನು ಕಂಡು ಒಳಗಿನಿಂದ ಎಳೆದ ಬೇಕರಿಯ ಷಟರು ಅರ್ಧಕ್ಕೆ ಇಳಿದು, ಹೆಂಡತಿಯ ಕೈಗೆ ಸಿಕ್ಕಿ ಅಲ್ಲೇ ನಿಂತಿತು.