ಕುಂದಗೋಳದಲ್ಲಿ ಮೈನಸ್ ನಲವತ್ತು

ಇನ್ನು ಮುಂದೆ ನನ್ನ ಕಾರಿನ ಬಾನೆಟ್ಟಿಗೆ ನನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ತಾಗಕೂಡದು ಎಂದು ನಾನು ಪ್ರತಿಜ್ಞೆ ಮಾಡಿದ್ದು ಮಾರ್ಚ್ ತಿಂಗಳಲ್ಲಿ. ಕುಂದಗೋಳದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ಅಬ್ದುಲಗನಿ ಮಾಸ್ತರ ನಾನು. ಉಷ್ಣತೆ, ವಿದ್ಯುತ್ತು ಎರಡನ್ನೂ ಅರೆದು ಕುಡಿದವನು. ಒಂದು ಹಳೆಯ ಕಾರು ನನಗೆ ಯಾವ ಲೆಕ್ಕ!

ಪ್ರತಿಜ್ಞೆಗೆ ಕಾರಣ ಯುನೂಸ್. ನನ್ನ ಹೆಂಡತಿ ತಬಸುಮ್‌ಳ ತಮ್ಮ, ಊರಲ್ಲಿ ಗ್ಯಾರೇಜು ಇಟ್ಟವನು. ಅಕ್ಕನ ಗಂಡನೆಂದು 'ದುಲ್ಹಾಭಾಯಿ' ಎನ್ನುತ್ತಾ ಕುರ್ಚಿ ಒರೆಸಿ ಕೂರಿಸುತ್ತಾನೆ, ಚಹಾ ತರಿಸುತ್ತಾನೆ. ಆದರೆ ಕಾರಿನ ವಿಷಯಕ್ಕೆ ನಾನು ಬಾಯಿ ತೆರೆದ ಕೂಡಲೇ ಮೀಸೆಯಡಿ ನಗುತ್ತಾನೆ. ಆ ನಗುವನ್ನು ಹನ್ನೊಂದು ವರ್ಷ ಸಹಿಸಿದ್ದೆ.

ಒಂದು ರವಿವಾರ ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಂಡು ಏರ್ ಫಿಲ್ಟರನ್ನು ನಾನೇ ಸ್ವಚ್ಛ ಮಾಡಲು ಕೂತೆ. ಎಂಜಿನ್ನಿನ ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಎಂದು ನೋಡಿ ಹೇಳಲು ಅಲ್ಲೊಂದು ಹೆಬ್ಬೆರಳಿನಷ್ಟು ಸೆನ್ಸರ್ ಇರುತ್ತದೆ. ಅದಕ್ಕೊಂದು ವೈರಿನ ಪ್ಲಗ್. ವಿಡಿಯೋದವನು ಆ ಪ್ಲಗ್ಗನ್ನು ಎರಡೇ ಬೆರಳಿನಲ್ಲಿ ಬಿಚ್ಚಿದ. ನಾನು ಎರಡೂ ಕೈ ಹಾಕಿ ಜಗ್ಗಿದೆ. ಟಪ್ ಎಂದಿತು. ಪ್ಲಗ್ಗನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ ಮುರಿದು ನನ್ನ ಅಂಗೈಗೆ ಬಂದಿತ್ತು.

ಇಂಥದ್ದಕ್ಕೆಲ್ಲ ಹೆದರುವ ಮನೆತನ ನಮ್ಮದಲ್ಲ. ನಮ್ಮಪ್ಪ, ನಮ್ಮಜ್ಜ ಇಬ್ಬರೂ ಮಗ್ಗದ ಮುಂದೆ ಕೂತು ಬಾಳಿದ ನೇಕಾರರು. ಅವರು ಹಾಕಿದ ಗಂಟು, ಸೀರೆ ಹರಿದರೂ ಬಿಚ್ಚುತ್ತಿರಲಿಲ್ಲ. ನಾನು ತಬಸುಮ್‌ಳ ಡಬ್ಬಿಯಿಂದ ಹತ್ತಿಯ ನೂಲು ಎಗರಿಸಿ, ಪ್ಲಗ್ಗನ್ನು ಸೆನ್ಸರಿಗೆ ಏಳು ಸುತ್ತು ಬಿಗಿದು ಆ ಖಾನದಾನಿ ಗಂಟನ್ನೇ ಹಾಕಿದೆ. ಮುರಿದ ಕೊಂಡಿಯನ್ನು ಬೇವಿನ ಗಿಡದ ಬುಡದಲ್ಲಿ ಹೂತು ಕೈ ತೊಳೆದುಕೊಂಡೆ. ಯಾರಿಗೂ ಹೇಳಲಿಲ್ಲ.

ಏಪ್ರಿಲ್ ಬಂತು. ಒಂದು ಮಧ್ಯಾಹ್ನ ಕಾರು ದಾರಿಯಲ್ಲಿ ಜಗ್ಗಾಡತೊಡಗಿತು. ಕಪ್ಪು ಹೊಗೆ ಬಿಟ್ಟಿತು, ಕೆಮ್ಮಿತು, ಮುಂದಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿತು. ಪ್ರತಿಜ್ಞೆಯನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟು ಯುನೂಸನ ಹತ್ತಿರ ಹೊರಟೆ. ಆದರೆ ಹೆಂಡತಿಯ ಕಡೆಯವರ ಮುಂದೆ ಧೂಳು ಹಿಡಿದ ಕಾರಿನಲ್ಲಿ ಹೋಗಿ ಇಳಿಯುವುದು ಅಳಿಯನಿಗೆ ಶೋಭೆಯೇ? ಮೊದಲು ಕಾರಿಗೆ ಜಳಕ ಮಾಡಿಸಿದೆ, ಬಾನೆಟ್ ಎತ್ತಿ ಒಳಗೂ ಒಂದು ತಂಬಿಗೆ ನೀರು ಚಿಮುಕಿಸಿದೆ. ಗ್ಯಾರೇಜು ಮುಟ್ಟುವವರೆಗೆ ಅದು ಒಮ್ಮೆಯೂ ಕೆಮ್ಮಲಿಲ್ಲ.

ಯುನೂಸ್ ತನ್ನ ಮಶೀನು ಜೋಡಿಸಿ ನೋಡಿದ.

"ದುಲ್ಹಾಭಾಯಿ, ನಿಮ್ಮ ಗಾಡಿ ನಡುನಡುವ ಹೊರಗ ಮೈನಸ್ ನಲವತ್ತು ಡಿಗ್ರಿ ಥಂಡಿ ಐತಿ ಅಂತ ತಿಳಕೊಂಡೈತ್ರಿ. ಅದಕ್ಕ ಸುಮ್ಮಸುಮ್ಮನ ಪೆಟ್ರೋಲ್ ಕುಡದು ಕೆಮ್ಮತೈತಿ. ಈಗ ನೋಡಿದ್ರ ಬರೋಬರಿ ತೋರಸಾಕತ್ತೈತಿ. ಎಲ್ಲೋ ವೈರ್ ಸಡ್ಲ ಆಗಿರಬೇಕು. ಬಾನೆಟ್ ತಗೀತೀನಿ ತಡೀರಿ."

ಬಾನೆಟ್ ತೆಗೆದರೆ ನನ್ನ ಏಳು ಸುತ್ತು ಬಯಲಾಗುತ್ತಿತ್ತು. ನಾನು ಅದರ ಮೇಲೆ ಅಂಗೈ ಊರಿ ನಿಂತುಬಿಟ್ಟೆ. ಹೊರಗೆ ನಲವತ್ತೊಂದು ಡಿಗ್ರಿ ಬಿಸಿಲು, ಅಂಗೈ ರೊಟ್ಟಿಯ ಹಾಗೆ ಬೇಯುತ್ತಿತ್ತು, ಆದರೂ ಕೈ ತೆಗೆಯಲಿಲ್ಲ. ವೈರು ಸಡಿಲಾಗಿಲ್ಲ, ಹೋದ ಸಲ ಸರ್ವೀಸು ಮಾಡುವಾಗ ನೀನೇ ಏನೋ ಕೆಡಿಸಿದ್ದೀ ಎಂದು ಗ್ಯಾರೇಜಿನ ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದೆ. ಯುನೂಸನ ಮೀಸೆಯಡಿ ಆ ದಿನ ನಗು ಇರಲಿಲ್ಲ.

ಮುಂದಿನ ಮೂರು ವಾರ ನಾನು ಸಂಶೋಧನೆಗೆ ಇಳಿದೆ. ಹುಬ್ಬಳ್ಳಿಯಿಂದ ಹೊಸ ಸೆನ್ಸರ್ ತಂದು ಹಾಕಿ, ಅದೇ ಡಬ್ಬಿಯ ನೂಲಿನಿಂದ ಎರಡು ಸುತ್ತು ಹೆಚ್ಚಿಗೆ ಬಿಗಿದೆ. ರೋಗ ಹೋಗಲಿಲ್ಲ. ಬ್ಯಾಟರಿಯ ಮೇಲೆ ಅನುಮಾನ ಪಟ್ಟೆ, ಪೆಟ್ರೋಲಿನ ಮೇಲೆ ಪಟ್ಟೆ, ಇಲಿಗಳ ಮೇಲೆ ಪಟ್ಟೆ. ಇಡೀ ಕಾರಿನಲ್ಲಿ ನಾನು ಅನುಮಾನಪಡದೆ ಬಿಟ್ಟದ್ದು ನನ್ನ ಗಂಟೊಂದನ್ನೇ. ದಿನಾಂಕ, ಹೊತ್ತು, ದಾರಿ, ಜೊತೆಗಿದ್ದವರು ಎಂದು ಪಟ್ಟಿ ಬರೆದಿಟ್ಟೆ. ಕಾರು ಕೆಟ್ಟಾಗಲೆಲ್ಲ ಅದು ಮಧ್ಯಾಹ್ನ, ಹೆಚ್ಚಾಗಿ ರವಿವಾರ, ತಬಸುಮ್‌ಳನ್ನು ಕುಬಿಹಾಳದ ತವರಿಗೆ ಕರೆದೊಯ್ಯುವಾಗ! ಈ ವೈಜ್ಞಾನಿಕ ಸತ್ಯವನ್ನು ಊಟಕ್ಕೆ ಕೂತಾಗ ಅವಳಿಗೆ ತಿಳಿಸಿದೆ.

"ಅಂದ್ರ ನಾ ಕುಂತ್ರ ನಿಮ್ಮ ಗಾಡಿಗೆ ಥಂಡಿ ಹತ್ತತೈತೇನ್ರಿ?" ಎಂದಳು. ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಅವಳ ತಂಗಿ ನಾಜಮೀನ್‌ಳ ನಿಶ್ಚಿತಾರ್ಥ ಬಂತು. ಕುಬಿಹಾಳದಲ್ಲಿ, ರವಿವಾರ ಮಧ್ಯಾಹ್ನ ಎರಡಕ್ಕೆ. ಅವರ ಮನೆಯಲ್ಲಿ ದೊಡ್ಡಕ್ಕ ಬಂದು ತನ್ನ ಕೈಯಾರೆ ಸಕ್ಕರೆ ತಿನ್ನಿಸದೆ ಶಾಸ್ತ್ರ ಶುರುವಾಗುವುದಿಲ್ಲ. ಉಂಗುರವೂ ನಮ್ಮ ಕಡೆಯೇ ಇತ್ತು. ಬೇರೆ ಗಾಡಿ ಕಳಿಸುತ್ತೇನೆ ಎಂದು ಯುನೂಸ್ ಫೋನು ಮಾಡಿದ. ನನ್ನ ಖಾನದಾನು ಎದ್ದು ನಿಂತಿತು.

"ಇದ ಗಾಡ್ಯಾಗ ಬರತೀನಿ. ದಾರ್‍ಯಾಗ ನಿಂತ್ರ ಎಲ್ಲಾರ ಮುಂದ ನಾ ಕಿವಿ ಹಿಡಕೊಂತೀನಿ. ನಿಲ್ಲದ ಬಂದ್ರ ನೀ ಹಿಡಕೋಬೇಕು," ಎಂದೆ.

ರವಿವಾರ ಬೆಳಿಗ್ಗೆ ಏಳಕ್ಕೇ ಕಾರು ತೊಳೆದೆ. ಆದರೆ ತಬಸುಮ್ ತಯಾರಾಗಿ ಹೊರಡುವಾಗ ಒಂದು ಗಂಟೆ. ಅಷ್ಟು ಹೊತ್ತೂ ಕಾರು ಬಿಸಿಲಿನಲ್ಲೇ ಇತ್ತು. ಅರ್ಧ ದಾರಿಯಲ್ಲಿ, ಎರಡೂ ಕಡೆ ಬಿರುಕು ಬಿಟ್ಟ ಎರೆ ಹೊಲ, ನೆರಳಿಗೊಂದು ಜಾಲಿ ಗಿಡವೂ ಇಲ್ಲದ ಜಾಗದಲ್ಲಿ ಕಾರು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಎಷ್ಟು ಚಾವಿ ತಿರುವಿದರೂ ಹೊತ್ತಲಿಲ್ಲ.

ತಬಸುಮ್ ಜರಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಇಳಿದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ತಂಗಿ ಅಲ್ಲಿ ದಾರಿ ಕಾಯುತ್ತಾ ಕೂತಿದ್ದಾಳೆ ಎಂದು ನೆನೆದು ನಾನು ಮತ್ತೊಮ್ಮೆ ಚಾವಿ ತಿರುವಿದೆ. ಬಾನೆಟ್ ತೆಗೆಯಿರಿ ಎಂದಳು. ನಿನಗೇನು ತಿಳಿಯುತ್ತದೆ ಎಂದೆ. ಅವಳೇ ತೆಗೆದಳು. ಬಗ್ಗಿ ನೋಡಿದಳು. ನೂಲನ್ನು ಬೆರಳಿನಿಂದ ಮುಟ್ಟಿದಳು. ಅದು ಒಣಗಿ ಸಡಿಲಾಗಿ ಜೋತು ಬಿದ್ದಿತ್ತು, ಪ್ಲಗ್ಗು ಅದರೊಳಗೆ ತೊಟ್ಟಿಲಿನಂತೆ ತೂಗುತ್ತಿತ್ತು.

"ಇದು ನನ್ನ ಡಬ್ಬ್ಯಾಗಿನ ನೂಲು. ಗಂಟು ನಿಮ್ಮದು," ಎಂದಳು. ನಾನು ಹೊಲದ ಕಡೆ ನೋಡಿದೆ.

ಅವಳು ಪ್ಲಗ್ಗನ್ನು ಒತ್ತಿ ಕೂರಿಸಿ, ಕುಡಿಯುವ ನೀರಿನ ಬಾಟಲಿ ತಂದು ನೂಲಿನ ಮೇಲೆ ಸುರಿದಳು. ಕಣ್ಣೆದುರಿಗೇ ನೂಲು ಬಿಗಿಯಿತು.

"ನೀರು ಬಿದ್ರ ನೂಲು ಬಿಗೀತೈತಿ, ಬಿಸಲಿಗೆ ಸಡ್ಲ ಆಗತೈತಿ. ನೇಕಾರ ಮನ್ಯಾಗ ಹುಟ್ಟಿದವರಿಗೆ ಇದನ್ನ ಸಾಲ್ಯಾಗ ಕಲಸಬೇಕೇನ್ರಿ?"

ಸ್ವಲ್ಪ ಹೊತ್ತು ಬಿಟ್ಟು ಚಾವಿ ತಿರುವಿದೆ. ಹೊತ್ತಿಕೊಂಡಿತು! ಉಳಿದ ದಾರಿಯಲ್ಲಿ ಎರಡು ಸಲ ನಿಲ್ಲಿಸಿ, ಜರಿ ಸೀರೆ ಉಟ್ಟ ನನ್ನ ಹೆಂಡತಿ ಎಂಜಿನ್ನಿಗೆ ಸಸಿಗೆ ಹಾಕಿದಂತೆ ನೀರು ಹಾಕಿದಳು. ಎರಡಕ್ಕೆ ಐದು ನಿಮಿಷ ಇರುವಾಗ ಕುಬಿಹಾಳದ ಅಂಗಳದಲ್ಲಿ ಇಳಿದೆವು.

ಯುನೂಸ್ ಬಾಗಿಲಲ್ಲೇ ನಿಂತಿದ್ದ. ಗಾಡಿ ಹೇಗೆ ಬಂತು ಎಂದು ಅಕ್ಕನನ್ನು ಕೇಳಿದ. ಅವಳು ನನ್ನ ಮುಖವನ್ನೊಮ್ಮೆ ನೋಡಿ, "ಅರಾಮ ಬಂತಪಾ," ಎಂದು ಒಳಗೆ ಹೋದಳು. ಯುನೂಸ್ ಮಾತಿಗೆ ತಪ್ಪುವವನಲ್ಲ. ಅಷ್ಟು ಜನರ ಮುಂದೆ ಎರಡೂ ಕೈ ಎತ್ತಿ ತನ್ನ ಕಿವಿಗೆ ಒಯ್ದ. ನನಗೆ ತಡೆಯಲಾಗಲಿಲ್ಲ. ಅವನ ಕೈ ಹಿಡಿದು ಇಳಿಸಿ, ನನ್ನ ಕಿವಿ ನಾನೇ ಹಿಡಿದುಕೊಂಡು ಕೊಂಡಿ ಮುರಿದದ್ದರಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಬೇವಿನ ಗಿಡದ ಬುಡವನ್ನೂ ಬಿಡಲಿಲ್ಲ. ಅಂಗಳ ತುಂಬ ನಗು. ಸಕ್ಕರೆಯ ಶಾಸ್ತ್ರ ಮುಗಿದ ಮೇಲೆ ಯುನೂಸ್ ಹೊಸ ಕೊಂಡಿ ಹಾಕಿದ. ಗಂಟು ಮಾತ್ರ ಬಿಚ್ಚಲು ಬರದೆ ಕತ್ತರಿಯಿಂದ ಕತ್ತರಿಸಬೇಕಾಯಿತು. ನನ್ನ ಅತ್ತೆ ರಜಿಯಾಬಿ ಅದನ್ನು ಕನ್ನಡಕದ ಹತ್ತಿರ ಹಿಡಿದು, "ಗಂಟ ಅಗದಿ ಛಲೋ ಹಾಕೀರಿ," ಎಂದರು. ನಾನು ಮತ್ತೆ ಸ್ವಲ್ಪ ಉಬ್ಬಿದೆ.

ಈಗ ಕಾರಿಗೆ ಯಾವ ರೋಗವೂ ಇಲ್ಲ. ಆದರೆ ಮನೆಗೆ ಯಾರಾದರೂ ಬಂದು, ನಾನು ನನ್ನ ವಿಜ್ಞಾನದ ಬಗ್ಗೆ, ಖಾನದಾನಿನ ಬಗ್ಗೆ ಮಾತು ಶುರು ಮಾಡಿದರೆ ತಬಸುಮ್ ಸದ್ದಿಲ್ಲದೆ ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಇಟ್ಟು ಹೋಗುತ್ತಾಳೆ. ಗಂಡನ ಮೇಲೆ ಎಷ್ಟು ಕಾಳಜಿ ಎಂದು ಬಂದವರು ಹೊಗಳುತ್ತಾರೆ. ನಾನು ಬಾಯಿ ಮುಚ್ಚಿ, ತಂಬಿಗೆ ಎತ್ತಿ ಗಟಗಟ ಕುಡಿದುಬಿಡುತ್ತೇನೆ.