ಭೂತಗಳನ್ನು ಬೀಳ್ಕೊಡುವ ನಿಯಮ

ನಲವತ್ತು ದಾಟಿದ ಹೆಂಗಸು ಭಾನುವಾರ ಮಧ್ಯಾಹ್ನ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಬಟ್ಟೆ ಇಸ್ತ್ರಿ ಮಾಡುತ್ತೇನೆ ಎಂದು ಹೇಳಿಬಿಡುತ್ತೇನೆ. ನಿಜ ಹೇಳಿದರೆ ವಿವರಿಸಬೇಕಾಗುತ್ತದೆ. ನಿಜ ಏನೆಂದರೆ, ಭೂತಗಳನ್ನು ತಂಡಕ್ಕೆ ಸೇರಿಸಿಕೊಳ್ಳುವ ಆಟವೊಂದಕ್ಕೆ ನಾನು ನಿಯಮ ಬರೆಯುತ್ತೇನೆ. ಕಂಪ್ಯೂಟರಿನ ಆಟವಲ್ಲ. ಚಾಪೆಯ ಮೇಲೆ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾ, ದಾಳ ಉರುಳಿಸಿ ಆಡುವ ಆಟ. ದಾರಿಯಲ್ಲಿ ಭೂತ ಎದುರಾದರೆ ಕೊಲ್ಲುವಂತಿಲ್ಲ. ಒಪ್ಪಿಸಿ ನಮ್ಮ ದಂಡಿಗೆ ಸೇರಿಸಿಕೊಳ್ಳಬೇಕು. ಹಾಗೆ ಕಟ್ಟಿದ ದಂಡಿನೊಂದಿಗೆ, ಕೊನೆಯಲ್ಲಿ ಕೆಂಗೇರಿಯ ಹತ್ತಿರ ಮೋರಿನೀರಿನ ನೊರೆಯಿಂದ ಎದ್ದು ಬರುವ ದೊಡ್ಡ ಭೂತವನ್ನು ಎದುರಿಸಬೇಕು. ಇದನ್ನೆಲ್ಲ ಒಮ್ಮೆ ನನ್ನ ಅತ್ತೆಗೆ ವಿವರಿಸಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ಕಾಲೇಜಿನಲ್ಲಿ ಕೆಲಸದ ಒತ್ತಡ ಜಾಸ್ತಿಯಾಗಿದೆಯೇ ಎಂದು ವಿಚಾರಿಸಿದರು.

ಒತ್ತಡವೇನೂ ಇಲ್ಲ. ನಾನಿರುವುದು ವಿಜಯನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ. ವಿದ್ಯಾರ್ಥಿಗಳು ಈಗ ಅಲ್ಲಿಗೆ ಬರುವುದು ಫ್ಯಾನಿನ ಗಾಳಿಗೆ ಮತ್ತು ಫೋನ್ ಚಾರ್ಜ್ ಮಾಡಿಕೊಳ್ಳಲು. ಅದೇ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ಪ್ರಸಾದ್ ನನಗೆ ಈ ಹುಚ್ಚು ಹಿಡಿಸಿದವನು. ಮೊದಲು ಅವನು ತಂದ ವಿದೇಶದ ಆಟವನ್ನೇ ಆಡುತ್ತಿದ್ದೆವು. ಅದರ ತುಂಬ ಬೆಂಕಿಯುಗುಳುವ ಹಲ್ಲಿಗಳು, ಹಿಮದ ಕೋಟೆಗಳು. ನನಗೆ ತಿಳಿದ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಟ್ಟಿಯಾಗಿ ಕೂರುವಂಥದ್ದು ಮಾತ್ರ. ಹಾಗಾಗಿ ನಮ್ಮ ಕಡೆಯ ಭೂತಗಳನ್ನು ನಾನೇ ಮಾಡಿಕೊಂಡೆ. ಕರೆಂಟು ಕುಡಿದು ಬದುಕುವ ಟ್ರಾನ್ಸ್‌ಫಾರ್ಮರ್ ಪಿಶಾಚಿ, ನೀರು ಬತ್ತಿದ ಬೋರ್‌ವೆಲ್ಲಿನ ಆಳದಿಂದ ಗೊಣಗುವ ಭೂತ, ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿ ಕಾದು ಕಾದು ಕಲ್ಲಾಗಿಹೋದ ರಾಕ್ಷಸ. ನನ್ನ ಗಂಡ ಮಂಜು ಯೋಧನ ಪಾತ್ರ ತೆಗೆದುಕೊಂಡ. ಆಟದಲ್ಲಿ ಏನೇ ಸಮಸ್ಯೆ ಬಂದರೂ ಕತ್ತಿ ಎಳೆಯುತ್ತಾನೆ. ಮನೆಯಲ್ಲಿ ಸೊಳ್ಳೆ ಬ್ಯಾಟನ್ನೂ ಎತ್ತಿದವನಲ್ಲ.

ನಾಲ್ಕನೆಯವರು ಬೇಕಿತ್ತು. ನಮ್ಮ ಕೆಳಗಿನ ಮನೆಯ ವಿಶಾಲಕ್ಕ ಒಪ್ಪಿದರು. ಅವರು ಹಾವೇರಿ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅನ್ನಪೂರ್ಣೇಶ್ವರಿ ನಗರಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಮಾತು ಊರಿನಿಂದ ಒಂದು ಹೆಜ್ಜೆಯೂ ಈಚೆಗೆ ಬಂದಿಲ್ಲ. ಯಜಮಾನರು ಅಧಿಕಾರಿ, ತಿಂಗಳಲ್ಲಿ ಹದಿನೈದು ದಿನ ಟೂರ್. ಆದರೆ ಮನೆ ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ. ಊರಿನಿಂದ ರಾತ್ರಿ ಬಸ್ಸು ಹತ್ತಿದ ನೆಂಟರು ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲಿ ಇಳಿದು, ಹಲ್ಲುಜ್ಜುವುದಕ್ಕೆ ನೇರ ವಿಶಾಲಕ್ಕನ ಮನೆಗೇ ಬರುತ್ತಿದ್ದರು. ಯಾರದೋ ಪಿತ್ತಕೋಶದ ಆಪರೇಷನ್, ಯಾರದೋ ಕೋಚಿಂಗ್ ಕ್ಲಾಸು, ಯಾವುದೋ ಕಚೇರಿಯಲ್ಲಿ ಕೂತುಬಿಟ್ಟ ಯಾರದೋ ಫೈಲು. ಎಲ್ಲರಿಗೂ ರೊಟ್ಟಿ, ಎಲ್ಲರಿಗೂ ಹಾಸಿಗೆ. ನಮ್ಮ ಹಾಲ್ ಚಿಕ್ಕದೆಂದು ಆಟವೂ ಅವರ ಹಾಲಿನಲ್ಲೇ ನಡೆಯತೊಡಗಿತು. ಮಂಡಕ್ಕಿಯ ಗಿರ್ಮಿಟ್ಟು, ಮಿರ್ಚಿ ಭಜಿ ಇಲ್ಲದ ಭಾನುವಾರ ಇರಲಿಲ್ಲ.

ಆಟದ ಮೊದಲ ನಿಯಮ ಕೆಟ್ಟದ್ದೇ ವಿಶಾಲಕ್ಕನಿಂದ. ಭೂತದ ಶಕ್ತಿಯನ್ನು ಹೊಡೆದು ಅರ್ಧಕ್ಕೆ ಇಳಿಸಬೇಕು, ಆಮೇಲೆ ದಾಳ ಹಾಕಬೇಕು, ಆರು ಬಿದ್ದರೆ ಅದು ನಮ್ಮದು ಎಂದು ನಾನು ಬರೆದಿದ್ದೆ. ಪ್ರಸಾದ್ ಇದನ್ನು ಬಹಳ ಮೆಚ್ಚಿದ್ದ. ವಿಶಾಲಕ್ಕ ಮಾತ್ರ ದಾಳ ಕೈಯಲ್ಲಿ ಹಿಡಿದು, "ಹೊಡದು ಬಡದು ಮನಿಗೆ ಕರಕೊಂಡ್ ಬಂದ್ರ ಅದು ಮನಸಿಟ್ಟು ಇರ್ತೈತೇನು?" ಎಂದರು. ಒಂದು ವಾರ ಕೂತು ನಿಯಮ ಬದಲಿಸಿದೆ. ಪ್ರತಿ ಭೂತಕ್ಕೂ ಒಳಗೊಂದು ಆಸೆ ಇರುತ್ತದೆ. ಅದರೊಂದಿಗೆ ಮಾತಾಡಿ, ಆ ಆಸೆ ಏನೆಂದು ಕಂಡುಹಿಡಿದರೆ ಅದು ದಂಡಿಗೆ ಸೇರುತ್ತದೆ. ಭೂತಗಳ ಪರವಾಗಿ ಉತ್ತರ ಕೊಡುವವಳು ನಾನು. ಮಂಜು ಪೊಲೀಸರ ಹಾಗೆ ಪ್ರಶ್ನೆ ಕೇಳುತ್ತಿದ್ದ. ಪ್ರಸಾದ್ ವೈವಾ ತೆಗೆದುಕೊಳ್ಳುತ್ತಿದ್ದ. ವಿಶಾಲಕ್ಕ ಯಾವ ಭೂತ ಎದುರಾದರೂ ಮೊದಲು ಕೇಳುತ್ತಿದ್ದದ್ದು, ಊಟಾತೇನು? ಹಾಗೆ ಕೇಳಿಸಿಕೊಂಡ ಮೇಲೆ ಭೂತವಾಗಿ ಬಿಗುವಿನಿಂದ ಕೂರುವುದು ನನಗೆ ಸಾಧ್ಯವೇ ಆಗುತ್ತಿರಲಿಲ್ಲ. ಎಲ್ಲವೂ ಒಪ್ಪಿಬಿಡುತ್ತಿದ್ದವು.

ಹೀಗೆ ನಮ್ಮ ದಂಡು ಬೆಳೆದು ಬೆಳೆದು, ಭೂತಕ್ಕೊಂದರಂತೆ ನಾನು ಮಾಡಿದ್ದ ಕಾರ್ಡುಗಳು ಚಾಪೆಯಿಂದಾಚೆ ಹೋದವು. ಇಷ್ಟು ಬಲವಿದ್ದರೆ ಕೆಂಗೇರಿಯ ಭೂತ ಒಂದೇ ಏಟಿಗೆ ಸಾಯುತ್ತದೆ. "ಮೇಡಂ, ಹಿಂಗಾದ್ರೆ ಆಟಾನೇ ಇಲ್ಲ. ನಾಲ್ಕೇ ಭೂತ ಅಂತ ಲಿಮಿಟ್ ಹಾಕಿ," ಎಂದ ಪ್ರಸಾದ್. ನಾನು ಇನ್ನೂ ಜಾಣತನ ತೋರಿಸಹೋದೆ. ಆಟಗಾರರಿಗೆ ಹುಣಸೆಬೀಜ ಹಂಚಿ, ಅದು ಆಹಾರ ಎಂದೆ. ಪ್ರತಿ ಸುತ್ತಿನಲ್ಲೂ ಪ್ರತಿ ಭೂತಕ್ಕೂ ಒಂದು ಬೀಜ, ಆಟಗಾರನಿಗೂ ಒಂದು. ಬೀಜ ಸಾಲದಿದ್ದರೆ ಭೂತವನ್ನು ಬಿಟ್ಟುಬಿಡಬೇಕಾಗುತ್ತದೆ, ದಂಡು ತಾನಾಗಿ ಕರಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ವಿಶಾಲಕ್ಕ ತಮ್ಮ ಪಾಲಿನ ಬೀಜವನ್ನೂ ಭೂತಗಳಿಗೇ ಹಾಕಿದರು. ಅವರ ಪಾತ್ರದ ಶಕ್ತಿ ಸುತ್ತಿನಿಂದ ಸುತ್ತಿಗೆ ಇಳಿದು, ಪೂರ್ತಿ ಮುಗಿಯಿತು. ನೀವು ಸತ್ತುಹೋದಿರಿ ಅಕ್ಕ ಎಂದು ಹೇಳಿದರೆ, ಆಗಲಿ ಬಿಡು ಎಂದು ನಗುತ್ತಾ ಚಹಾ ಇಡಲು ಎದ್ದರು. ಮುಂದಿನ ವಾರವೂ ಹಾಗೇ ಸತ್ತರು. ಅದರ ಮುಂದಿನ ವಾರವೂ.

ನಾನು ಅದನ್ನು ಆಟದ ದೋಷವೆಂದೇ ತಿಳಿದಿದ್ದೆ. ಒಂದು ಭಾನುವಾರ ಮಿರ್ಚಿ ತರುತ್ತೇನೆಂದು ಹೋದ ವಿಶಾಲಕ್ಕ ಅಡುಗೆಮನೆಯಲ್ಲಿ ಕುಸಿದು ಕೂತರು. ಮಂಜು ಓಡಿಹೋಗಿ ಒಲೆ ಆರಿಸಿದ. ಪ್ರಸಾದ್ ಆಟೋ ತಂದ. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಬಿಪಿ ನೋಡಿ, ಮತ್ತೊಮ್ಮೆ ನೋಡಿ, ಇವರು ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು ನಮ್ಮನ್ನು ಕೇಳಿದರು. ನಮಗೆ ಗೊತ್ತಿರಲಿಲ್ಲ. ಕೆಲಸ ಕಡಿಮೆ ಮಾಡಿ ಮಲಗದಿದ್ದರೆ ಮುಂದಿನ ಸಲ ನನ್ನ ಹತ್ತಿರ ಬರುವುದು ಬೇಡ, ನೇರ ದೊಡ್ಡಾಸ್ಪತ್ರೆಗೇ ಹೋಗಿ ಎಂದರು ಅವರು. ದನಿ ಏರಿಸದೆ ಹೇಳಿದರು, ಅದಕ್ಕೇ ಭಯವಾಯಿತು.

ಮರುದಿನ ಸಂಜೆ ಗಂಜಿ ತೆಗೆದುಕೊಂಡು ಕೆಳಗಿಳಿದರೆ, ವಿಶಾಲಕ್ಕ ಮಲಗಿದ್ದಲ್ಲಿಂದಲೇ ಫೋನಿನಲ್ಲಿ ಮಾತಾಡುತ್ತಿದ್ದರು. "ಬರ್ರಿ ಬರ್ರಿ, ಇದರಾಗ ಕೇಳೂದೇನೈತಿ, ನಿಮ್ಮದ ಮನಿ." ಆ ಕಡೆ ಇದ್ದದ್ದು ಯಜಮಾನರ ದೊಡ್ಡಪ್ಪನ ಮಗ ಶಿವಪ್ಪ, ರಾಣೆಬೆನ್ನೂರಿನವರು. ಮಗಳಿಗೆ ಬೆಂಗಳೂರಿನಲ್ಲಿ ಕಾಲೇಜು ಸಿಕ್ಕಿದೆಯಂತೆ. ಅವಳೂ ಅವಳ ತಾಯಿಯೂ ವರ್ಷಪೂರ್ತಿ ಇಲ್ಲೇ ಇರುತ್ತಾರಂತೆ. ನಾನು ಗಂಜಿ ಕೊಟ್ಟೆ. ಅವರು, ನಾನು ಕೇಳದಿದ್ದರೂ, ಒಲ್ಲೆ ಅನ್ನಲಿಕ್ಕೆ ಬಾಯೇ ಬರೂದಿಲ್ಲ ಸುಮಾ ಎಂದರು. ಚಿಕ್ಕಂದಿನಿಂದ ಯಾರಿಗೂ ಹಾಗೆ ಅಂದದ್ದಿಲ್ಲ, ಹೇಗೆ ಅನ್ನಬೇಕೆಂಬುದೂ ತಮಗೆ ಗೊತ್ತಿಲ್ಲ ಎಂದು, ಲೋಟದ ಒಳಗೆ ನೋಡುತ್ತಾ ಹೇಳಿದರು.

ಮನುಷ್ಯರಿಗೆ ಬುದ್ಧಿ ಹೇಳುವ ಧೈರ್ಯ ನನಗಿಲ್ಲ. ನನಗೆ ಬರುವುದು ನಿಯಮ ಬರೆಯುವುದಷ್ಟೇ. ಆ ವಾರವಿಡೀ ಲೈಬ್ರರಿಯಲ್ಲಿ ಕೂತು ಒಂದೇ ನಿಯಮವನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಯಾವ ಭೂತವನ್ನು ಬೇಕಾದರೂ ಬೀಳ್ಕೊಡಬಹುದು. ದಾಳ ಬೇಡ, ಬೀಜ ಬೇಡ. ಅದರ ಮುಖ ನೋಡಿ, ಕಾರಣ ಹೇಳಿ, ಹೋಗು ಎನ್ನಬೇಕು. ಬಾಯಿಬಿಟ್ಟು ಹೇಳಬೇಕು, ಕಾರ್ಡು ಸರಿಸಿದರೆ ಸಾಲದು. ಹಾಗೆ ಹೇಳಿಸಿಕೊಂಡ ಭೂತ ಸಿಟ್ಟಿಲ್ಲದೆ ಹೊರಟುಹೋಗುತ್ತದೆ. ಪ್ರಸಾದ್ ಓದಿ, ಇದು ಬಹಳ ಸುಲಭವಾಯಿತು, ಯಾರು ಬೇಕಾದರೂ ಮಾಡುತ್ತಾರೆ ಎಂದು ಆಕ್ಷೇಪಿಸಿದ.

ಎರಡು ವಾರ ಬಿಟ್ಟು ಮತ್ತೆ ಕೂತೆವು. ಆಟಕ್ಕೆ ಮೊದಲು ಹೊಸ ನಿಯಮವನ್ನು ಎಲ್ಲರಿಗೂ ಓದಿ ಹೇಳಿದೆ. ವಿಶಾಲಕ್ಕ ಗೋಡೆಗೆ ಒರಗಿ ದಿಂಬಿಟ್ಟುಕೊಂಡಿದ್ದರು. ಬೀಜ ಮುಗಿಯುತ್ತಾ ಬಂತು. ಅವರ ಮುಂದೆ ಟ್ರಾನ್ಸ್‌ಫಾರ್ಮರ್ ಪಿಶಾಚಿಯ ಕಾರ್ಡಿತ್ತು. ಎಲ್ಲಕ್ಕಿಂತ ಮೊದಲು ದಂಡಿಗೆ ಬಂದದ್ದು ಅದು. ಅಭ್ಯಾಸದಂತೆ ತಮ್ಮ ಬೀಜ ಅದಕ್ಕೆ ಹಾಕಲು ಚಾಚಿದ ಕೈಯನ್ನು ಅಲ್ಲೇ ತಡೆದರು. ಮಂಜು ಏನೋ ಹೇಳಹೊರಟ. ನಾನು ಅವನ ಮೊಣಕಾಲು ಅದುಮಿದೆ. ವಿಶಾಲಕ್ಕ ಕಾರ್ಡು ಎತ್ತಿಕೊಂಡು, ಅದರ ಮೇಲೆ ನಾನು ಬರೆದಿದ್ದ ಸೊಟ್ಟ ಮುಖವನ್ನು ಬಹಳ ಹೊತ್ತು ನೋಡಿದರು.

"ನೋಡವಾ," ಎಂದರು ಕೊನೆಗೆ, "ನನಗ ನಿನ್ನ ಮ್ಯಾಲೆ ಏನೂ ಸಿಟ್ಟಿಲ್ಲ. ಆದರ ನನ್ನ ಕೈಲೆ ಇನ್ನ ಆಗೂದಿಲ್ಲ. ನಿಂದು ನೀ ನೋಡಿಕೋ."

ಪಿಶಾಚಿಯ ಪರವಾಗಿ ಉತ್ತರ ಕೊಡಬೇಕಾದವಳು ನಾನು. ಆಯ್ತಕ್ಕ ಎಂದಷ್ಟೇ ಅಂದೆ. ವಿಶಾಲಕ್ಕ ಕಾರ್ಡನ್ನು ಪಕ್ಕಕ್ಕಿಟ್ಟು, ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಮೂವರೂ ಮುಖ ಮುಖ ನೋಡಿಕೊಂಡು ಕೂತೆವು. ಅತ್ತರೇನೋ ಎಂದು ನನಗೆ ಹೆದರಿಕೆ. ಸ್ವಲ್ಪ ಹೊತ್ತಿನ ಮೇಲೆ ಈಚೆಗೆ ಬಂದವರು, ಶಿವಪ್ಪಗೆ ಫೋನ್ ಮಾಡಿದ್ದೆ, ತಾಯಿ ಮಗಳಿಗೆ ಒಂದು ಪಿಜಿ ನೋಡಿಕೊಳ್ರಿ ಅಂದೆ ಎಂದರು. ಅವರೇನಂದರು ಎಂದು ಕೇಳಿದೆ.

"ಆತು ಅಂದ್ರು," ಎಂದರು ವಿಶಾಲಕ್ಕ. "ಅಷ್ಟ."

ಇನ್ನೊಂದು ಮೆಟ್ಟಿಲಿದೆ ಎಂದು ಕಾಲೆತ್ತಿ, ಸಮನೆಲದ ಮೇಲೆ ಇಟ್ಟವರ ಹಾಗಿತ್ತು ಅವರ ಮುಖ. ಇಷ್ಟು ವರ್ಷ ಹೆದರಿದ್ದು ಇದಕ್ಕೇನು ಎಂಬಂತೆ ಕೂತುಬಿಟ್ಟರು. ಅಂದು ಕೆಂಗೇರಿಯ ಭೂತ ನಮ್ಮನ್ನು ಸೋಲಿಸಿತು, ಯಾರಿಗೂ ಬೇಸರವಾಗಲಿಲ್ಲ.

ಆಮೇಲಿನ ಕೆಲವು ದಿನ ನಾನು ನೆಲದ ಮೇಲೆ ನಡೆಯಲಿಲ್ಲವೆಂದೇ ಹೇಳಬೇಕು. ಒಂದು ನಿಯಮ ಬರೆದು ಒಂದು ಸಂಸಾರಕ್ಕೆ ಉಸಿರಾಡಲು ಜಾಗ ಮಾಡಿಕೊಟ್ಟೆನೆಂದು ಸ್ಟಾಫ್ ರೂಮಿನಲ್ಲಿ ಎರಡೆರಡು ಸಲ ಹೇಳಿದೆ. ವಿಶಾಲಕ್ಕ ಡಾಕ್ಟರಿಗೆ ಹೆದರಿ ಹೇಳಿರಬಹುದಲ್ಲ ಎಂದು ಪ್ರಸಾದ್ ಅನುಮಾನ ತೆಗೆದ. ಅವನಿಗೆ ಆಟದ ಒಳಮರ್ಮ ತಿಳಿಯದೆಂದುಕೊಂಡೆ. ಶುಕ್ರವಾರ ವಿಶಾಲಕ್ಕನ ಫೋನು ಬಂತು.

"ಸುಮಾ, ಇನ್ನ ಮ್ಯಾಲೆ ಐತವಾರದ ಆಟ ನಮ್ಮಲ್ಲಿ ಬ್ಯಾಡ. ಮಧ್ಯಾಹ್ನ ನಾ ಮಲಗಬೇಕು. ನೀವು ಮ್ಯಾಲೆ ನಿಮ್ಮನ್ಯಾಗ ಆಡ್ರಿ. ನನಗ ಬರಬೇಕನಿಸಿದಾಗ ಬರ್ತೀನಿ."

ಅದಕ್ಕೇನಕ್ಕಾ, ನೀವು ಚೆನ್ನಾಗಿ ರೆಸ್ಟ್ ತಗೊಳ್ಳಿ ಎಂದು ಸಕ್ಕರೆಯಂತೆ ಮಾತಾಡಿ ಫೋನಿಟ್ಟೆ. ಇಟ್ಟ ಮೇಲೆ ಎಂಥ ಸಿಟ್ಟು ಬಂತೆಂದರೆ, ಮಡಚುತ್ತಿದ್ದ ಬಟ್ಟೆಯನ್ನೆಲ್ಲ ಹಾಗೇ ಬೀರುವಿಗೆ ತುರುಕಿದೆ. ನನಗೆ ಹೀಗೆ ಹೇಳಬಹುದೇ? ನಾನೇನು ನೆಂಟಳೇ? ಮಂಜುವಿನ ಮುಂದೆ ಇದೇ ಮಾತು ಎತ್ತಿದೆ. ಅವನು ತಾಳ್ಮೆಯಿಂದ, ಅವರ ಮನೆಯಲ್ಲಿ ವಾರ ತಪ್ಪದೆ ತಿಂದವರು ಯಾರು ಎಂದು ಕೇಳಿದ. ಉಳಿದವರು ಆಪರೇಷನ್ ಮುಗಿದ ಮೇಲಾದರೂ ಊರಿಗೆ ಹೋಗುತ್ತಿದ್ದರು ಎಂದೂ ಸೇರಿಸಿದ. ಆಟದಲ್ಲಿ ಕತ್ತಿಯಿಲ್ಲದೆ ಮಾತಾಡದವನು ಇಲ್ಲಿ ಇಷ್ಟು ಮೆತ್ತಗೆ ಮಾತಾಡಿದ್ದರಿಂದ ಇನ್ನೂ ನೋವಾಯಿತು.

ಭಾನುವಾರ ನಮ್ಮ ಇಕ್ಕಟ್ಟಿನ ಹಾಲಿನಲ್ಲಿ ಕೂತಾಗ ನಿಯಮ ತಿದ್ದಬೇಕೆಂದು ಹೇಳಿದೆ. ಬೀಳ್ಕೊಟ್ಟ ಭೂತ ಸಿಟ್ಟಿಲ್ಲದೆ ಹೊರಡುತ್ತದೆ ಎಂಬುದು ವಾಸ್ತವಕ್ಕೆ ದೂರ. ಅದಕ್ಕೆ ಮುನಿಸಿಕೊಳ್ಳಲು ಸ್ವಲ್ಪ ಅವಕಾಶ ಕೊಡಬೇಕು. ಪ್ರಸಾದ್ ಯೋಚಿಸಿ, ಎರಡು ಸುತ್ತು ಸಾಕು ಮೇಡಂ ಎಂದ. ನಾನು ಹಟ ಹಿಡಿದು ನಾಲ್ಕು ಮಾಡಿಸಿದೆ.