ಬಂಡಿ ಬುಡದ ಗಿಡ

ಬಾಯಿಮಾತಿಗೆ ಹತ್ತು ಪ್ರಶ್ನೆ ಕೇಳುವ ಜನ, ಅದನ್ನೇ ಬಣ್ಣ ಹಚ್ಚಿ ನಕ್ಷೆಯಾಗಿ ತೋರಿಸಿದರೆ ತಲೆಯಾಡಿಸುತ್ತಾರೆ. ನನ್ನ ಹೊಟ್ಟೆ ತುಂಬುತ್ತಿರುವುದು ಇದರಿಂದಲೇ. ಅಳಿವಿನಂಚಿನ ಗಿಡ ಕಂಡ ಜಾಗಗಳನ್ನು ಮಳೆ, ಮಣ್ಣು, ಬಿಸಿಲಿನ ವಿವರದೊಂದಿಗೆ ಕಂಪ್ಯೂಟರಿಗೆ ಕೊಟ್ಟರೆ, ಗಿಡ ಇನ್ನೆಲ್ಲಿ ಬದುಕೀತು ಎಂದು ಅದು ಊಹಿಸಿ ನಕ್ಷೆಯಲ್ಲಿ ಅಲ್ಲಿಗೆ ಹಸಿರು ಬಳಿಯುತ್ತದೆ. ನಾನು ಹುಡುಕುವ ಗಿಡಕ್ಕೆ ಎಲೆಯಿಲ್ಲ, ಬೆರಳಿನಂಥ ಕಾಂಡವಷ್ಟೇ. ನಮ್ಮ ಕಡೆ ತೆಲುಗಿನಲ್ಲೇ ಕುಂದೇಟಿ ಕೊಮ್ಮು, ಅಂದರೆ ಮೊಲದ ಕೊಂಬು, ಅನ್ನುತ್ತಾರೆ. ಮೊಲದ ಕೊಂಬು ಹುಡುಕಲು ಸಂಬಳ ಪಡೆಯುವವನು ನಾನೊಬ್ಬನೇ ಎಂದು ಬಳ್ಳಾರಿಯ ಕೌಲ್ ಬಜಾರಿನ ಗೆಳೆಯರು ನಗುವುದುಂಟು.

ಹೋದ ಬೇಸಿಗೆ ಸಿರಿಗೇರಿಯ ಬಯಲಲ್ಲಿ ಕುರಿ ಕಾಯುತ್ತಿದ್ದ ತಿಪ್ಪಣ್ಣನವರನ್ನು ಗಿಡ ಕಂಡಿದ್ದೀರಾ ಎಂದು ಕೇಳಿದೆ. ಅವರು ಕೋಲು ಚಾಚಿ, "ಅಲ್ಲಿ, ಆ ಬಂಡಿ ಬುಡಕ ಐತಿ ನೋಡ್ರಿ" ಎಂದರು. ಕೋಲಿನ ನೇರಕ್ಕೆ, ಹೊಲದ ಅಂಚಿನಲ್ಲಿ, ಗಾಲಿ ಮುರಿದ ಎತ್ತಿನ ಬಂಡಿಯೊಂದಿತ್ತು. ಬಗ್ಗಿ ನೋಡಿದೆ, ಗಿಡವಿರಲಿಲ್ಲ. ಕುರಿ ಮೇಯ್ದಿರಬೇಕು ಎಂದು ತೀರ್ಮಾನಿಸಿ ಜಾಗ ಗುರುತು ಹಾಕಿಕೊಂಡೆ. ನಮ್ಮಲ್ಲಿದ್ದ ಗುರುತುಗಳೇ ಬೆರಳೆಣಿಕೆಯಷ್ಟು. ಆ ಒಂದು ಚುಕ್ಕೆಯ ಮಾತಿಗೆ ಕಂಪ್ಯೂಟರು ಸಿರುಗುಪ್ಪದ ಕಪ್ಪು ಎರೆಭೂಮಿಗೆಲ್ಲ ಹಸಿರು ಬಳಿಯಿತು. ನೋಡಲು ಚೆನ್ನಾಗಿತ್ತು.

ಕುರುಗೋಡಿನ ಗುಡ್ಡದಲ್ಲಿ ಉಳಿದಿದ್ದ ಒಂದೇ ಬುಡದಿಂದ ಕಡ್ಡಿ ತಂದು ಒಂಬತ್ತು ಸಸಿ ಬೆಳೆಸಿದ್ದೆವು. ಹಸಿರನ್ನು ನಂಬಿ ಐದನ್ನು ಆ ಹೊಲದ ಅಂಚಿಗೆ ನೆಟ್ಟೆವು. ಮಳೆ ಬಂತು, ಎರೆ ನೀರು ಹಿಡಿಯಿತು. ಹದಿನೈದು ದಿನದ ಮೇಲೆ ಹೋಗಿ ಮುಟ್ಟಿದರೆ ಸಸಿಗಳು ಕೊಳೆತು, ಬೆಂದ ಬದನೆಕಾಯಿಯಂತೆ ಒಂದೊಂದೇ ಕೈಗೆ ಬಂದವು. ಐದೂ. ಕೈ ಒರೆಸಿಕೊಳ್ಳದೆ ಅಲ್ಲೇ ಕೂತೆ.

ತಿಪ್ಪಣ್ಣ ಬಂದರು. "ಇದನ್ನ ಎರಿ ಹೊಲದಾಗ ಯಾರ್ರಿ ಹಚ್ಚಿದ್ದು?"

"ನೀವೇ ಬಂಡಿ ಬುಡಕ ಅಂದಿದ್ರಲ್ಲಾ."

"ಹೌದು, ಬಂಡಿ. ಕಲ್ಲು ಬಂಡಿ." ಅವರ ಕೋಲು ಮುರುಕು ಗಾಡಿಯನ್ನು ದಾಟಿ, ಹಿಂದಿನ ದಿಬ್ಬದ ಬಂಡೆಗೆ ಹೋಗಿ ನಿಂತಿತು. "ನಿಮ್ಮ ಬಳ್ಳಾರ್ಯಾಗ ಗಿಡ ಗಾಡಿ ಕೆಳಗ ಬೆಳೀತಾವೇನ್ರಿ ಸಾಹೇಬ್ರ? ಪಂಚರ್ ಆದ್ರ ಹೂ ಬಿಡ್ತಾವೇನು?"

ಮನೆಯನ್ನು ಮನಿ ಎನ್ನುವ ಸೀಮೆಯಲ್ಲಿ ಬಂಡೆ ಬಂಡಿಯಾಗುತ್ತದೆ ಎಂದು ಹುಟ್ಟಿದಂದಿನಿಂದ ಗೊತ್ತಿದ್ದವನು ನಾನು. ಬಂಡೆಯ ಸಂದಿನ ಒಣ ಮಣ್ಣಿನಲ್ಲಿ ಗಿಡವಿತ್ತು. ಒಂದು ಹೂವೂ ಬಿಟ್ಟಿತ್ತು. ಮರುದಿನ ನಾನು ತಂದ ಉಳಿದ ನಾಲ್ಕು ಸಸಿಗಳನ್ನು ಅದರ ಪಕ್ಕದಲ್ಲಿ ತಿಪ್ಪಣ್ಣನವರೇ ನೆಟ್ಟರು. ನಾನು ಚೀಲ ಹಿಡಿದು ನಿಂತಿದ್ದೆ.

ವರದಿಯ 'ಸಾವಿಗೆ ಕಾರಣ' ಎಂಬಲ್ಲಿ 'ಕೇಳಿದವನ ಕಿವಿ' ಎಂದು ಬರೆದೆ. ಮೇಲಧಿಕಾರಿ ಫೋನ್ ಮಾಡಿ, "ಕಿವಿ ಅನ್ನೋ ರೋಗ ಪಟ್ಟ್ಯಾಗ ಇಲ್ರಿ. ಅತಿ ತೇವ ಅಂತ ಹಾಕ್ರಿ" ಎಂದರು. ಹಾಕಿದೆ. ಅದೂ ಸುಳ್ಳಲ್ಲ. ಆ ತೇವಕ್ಕೆ ಅವುಗಳನ್ನು ಕರೆದೊಯ್ದವನ ಹೆಸರು ಕೊನೆಯ ಪುಟದಲ್ಲಿ, 'ತಯಾರಿಸಿದವರು' ಎಂಬಲ್ಲಿ, ಹೇಗೂ ಇದ್ದೇ ಇದೆ.